ಒಂದೂವರೆ ಮಾರು ನೀರು

ಬಲೆ ಇಡುವ ಶೆಡ್ಡಿಗೆ ಕಡಲ ಕಡೆಯಿಂದ ಐದು ಮೆಟ್ಟಿಲು. ಎಂಥ ಭರತ ಬಂದು ಕಡಲು ಉಬ್ಬಿದರೂ ನೀರು ಎರಡನೆಯ ಮೆಟ್ಟಿಲಿನ ಮೂಗು ಮುಟ್ಟಿ ಹಿಂದೆ ಸರಿಯುತ್ತಿತ್ತು. ಗುಂಡಜ್ಜನ ಎಪ್ಪತ್ತೊಂದು ವರ್ಷದ ಆಯುಷ್ಯದಲ್ಲಿ ಅದು ಮೀರಿದ್ದಿಲ್ಲ. ಆ ಬುಧವಾರ ಬೆಳಿಗ್ಗೆ ಅವನು ಬಾಗಿಲು ತೆಗೆದಾಗ ನಾಲ್ಕನೆಯ ಮೆಟ್ಟಿಲು ಒದ್ದೆಯಾಗಿತ್ತು. ಅದರ ಮೇಲೆ ಗೇಣುದ್ದದ ಒಂದು ಕಡಲಪಾಚಿ, ಕರೆಯದೆ ಬಂದ ನೆಂಟನ ಹಾಗೆ, ಅಂಗಾತ ಬಿದ್ದುಕೊಂಡಿತ್ತು.

ಅಜ್ಜ ಬಗ್ಗಿ ಅದನ್ನು ಮುಟ್ಟಿದ. ಬೆರಳು ತಣ್ಣಗಾಯಿತು. ಆ ತಂಪು ಮೊಣಕೈವರೆಗೆ ಏರಿ, ಅಲ್ಲಿಂದ ಎದೆಗೆ ಹೋಯಿತು.

“ದೇವರೇ, ಇದೇನಪ್ಪಾ?” ಎಂದ.

ದೇವರ ಬದಲು ಹಿಂದಿನಿಂದ ರೇಡಿಯೋ ಉತ್ತರ ಕೊಟ್ಟ. ರೇಡಿಯೋ ಬೋಟಿನಲ್ಲಿ ಬಲೆ ಎಳೆಯುವ ಆಳು. ಅವನ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಊರೇ ಅವನಿಗೆ ಇಟ್ಟ ಹೆಸರು ಅದು.

“ನಾನು ಆಗಲೇ ನೋಡ್ದೆ ಅಜ್ಜ. ಇನ್ನೊಂದು ತಿಂಗಳು ತಡೀರಿ. ಬೋಟು ಹತ್ತೋ ಕಷ್ಟಾನೇ ಇರಲ್ಲ. ಮಂಚದ ಮೇಲೆ ಕೂತು ಗಾಳ ಬಿಟ್ಟರಾಯ್ತು.”

“ಬಾಯಿ ಮುಚ್ಚೋ.”

“ಮುಚ್ಚಿದರೆ ನೀರು ಇಳಿಯುತ್ತಾ? ಇಳಿಯೋದಾದರೆ ಹೇಳಿ, ಹೊಲಿಸಿಕೊಂಡೇ ಬಿಡ್ತೀನಿ.”

ಆದರೆ ಅವನ ನಗುವಿನಲ್ಲಿ ಜೀವವಿರಲಿಲ್ಲ. ಅವನ ಕಣ್ಣೂ ಆ ನಾಲ್ಕನೆಯ ಮೆಟ್ಟಿಲನ್ನು ಬಿಟ್ಟು ಕದಲಲಿಲ್ಲ.

ದಡದಿಂದ ಮೂರು ಮೈಲಿ ಆಚೆ, ನೀರಿನ ಕೆಳಗೆ, ಒಂದು ದೊಡ್ಡ ಮರಳ ದಿಬ್ಬವಿದೆ. ವರ್ಷಕ್ಕೆ ನಾಲ್ಕೈದು ಸಲ ಇಳಿತ ತೀರ ಕೆಳಗೆ ಹೋದಾಗ, ಕೆರೆಯಲ್ಲಿ ಮಲಗಿದ ಎಮ್ಮೆಯಂತೆ ಬೆನ್ನು ತೋರಿಸಿ ಮತ್ತೆ ಮುಳುಗುತ್ತದೆ. ಹೊರಗಡಲಿನ ಅಲೆಗಳು ಅಲ್ಲಿ ಬಂದು ತಲೆ ಚಚ್ಚಿಕೊಂಡು, ಸಿಟ್ಟು ಇಳಿಸಿಕೊಂಡು, ಮುದುಕರ ಹಾಗೆ ನಡೆದು ದಡ ಸೇರುತ್ತವೆ. ಊರು ಉಳಿದಿರುವುದೇ ಆ ದಿಬ್ಬದ ಮರೆಯಲ್ಲಿ. ಈಗ ಆ ಮರಳು ಒಂದು ಕಂಪನಿಗೆ ಬೇಕಾಗಿತ್ತು. ಎಲ್ಲೋ ದೂರದಲ್ಲಿ ಕಡಲು ತುಂಬಿಸಿ ಹೊಸ ಬಂದರು ಕಟ್ಟುತ್ತಾರಂತೆ. ಪರೀಕ್ಷೆಗೆಂದು ಹಿಂದಿನ ವಾರ ಒಂದು ಹಡಗು ಬಂದು ನಿಂತು, ಆನೆಯ ಸೊಂಡಿಲಿನಂಥ ಕೊಳವೆ ಇಳಿಸಿ, ಎರಡು ದಿನ ದಿಬ್ಬವನ್ನು ಹೀರಿತು. ಆ ಸದ್ದು ಗಾಳಿಯಲ್ಲಿ ಬರಲಿಲ್ಲ, ನೆಲದಲ್ಲಿ ಬಂತು. ಮನೆಗಳಲ್ಲಿ ಲೋಟದ ನೀರು ಸುಮ್ಮನೆ ನಡುಗುತ್ತಿತ್ತು. ಎರಡು ದಿನದ ಕೆಲಸಕ್ಕೆ ನೀರು ಎರಡು ಮೆಟ್ಟಿಲು ಏರುತ್ತದೆಯೇ ಎಂದು ಬಲ್ಲವರು ನಗಬಹುದು. ಆ ಮೆಟ್ಟಿಲ ಪಕ್ಕದಲ್ಲಿ ಮಲಗುವವರಿಗೆ ನಗು ಬರುವುದಿಲ್ಲ.

ಗುಂಡಜ್ಜನೆಂದರೆ ಗುಂಡಗಿದ್ದಾನೆಂದು ಹೊಸಬರು ತಿಳಿಯುತ್ತಾರೆ. ಆಳು ಒಣಕಡ್ಡಿ, ಎತ್ತರವೂ ಅಷ್ಟಕ್ಕಷ್ಟೆ. ಆ ಹೆಸರು ಬಂದದ್ದು ಸೀಸದ ಗುಂಡಿನಿಂದ. ತಿಂಗಳಿಗೊಮ್ಮೆ, ಇಳಿತದ ಹೊತ್ತಿಗೆ, ದಿಬ್ಬದ ಇಳಿಜಾರಿನಲ್ಲಿ ನೆಟ್ಟ ಕಬ್ಬಿಣದ ಕಂಬದ ಹತ್ತಿರ ಬೋಟು ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಬಿಟ್ಟು, ಆಳ ಎಷ್ಟೆಂದು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ಇಪ್ಪತ್ತೇಳು ವರ್ಷ ಬರೆದ. ಯಾರೂ ಬರೆಯೆಂದು ಹೇಳಿರಲಿಲ್ಲ. ದಿನವೂ ದೇವರಿಗೆ ಕೈ ಮುಗಿಯಲು ಯಾರು ಹೇಳಬೇಕು? ಇದೂ ಹಾಗೆಯೇ ಎಂದುಕೊಂಡಿದ್ದ.

ಆ ಹಗ್ಗವನ್ನು ಅಂಗಡಿಯಲ್ಲಿ ಕೊಳ್ಳಬಹುದು, ಅದರ ಗಂಟುಗಳನ್ನು ಕೊಳ್ಳಲಾಗದು. ಗುಂಡು ಬಿಡುವವನು ಎರಡೂ ಕೈ ಚಾಚಿ, ಒಂದು ಕೈಯ ಬೆರಳ ತುದಿಯಿಂದ ಇನ್ನೊಂದರ ತುದಿಗೆ ಒಂದು ಮಾರೆಂದು ಹಿಡಿದು, ಮಾರಿಗೊಂದು ಗಂಟು ಹಾಕುತ್ತಾನೆ. ನಡುವೆ ಕಾಲು, ಅರೆ, ಮುಕ್ಕಾಲಿಗೆ ಬಟ್ಟೆಯ ಚೂರು ಕಟ್ಟುತ್ತಾನೆ. ಕತ್ತಲಲ್ಲಿಯೂ ಮಳೆಯಲ್ಲಿಯೂ ಗಂಟು ಕೈಗೆ ಸಿಗುತ್ತದೆ, ಕಣ್ಣು ಬೇಡ. ಅವರವರ ಹಗ್ಗಕ್ಕೆ ಅವರವರ ಗಂಟು, ಅವರವರ ಪುಸ್ತಕ. ಆ ಊರಿನ ಬೋಟಿನವರ ಕ್ರಮ ಹಾಗಿತ್ತು.

ಮಂಡಿ ಕೈಕೊಟ್ಟ ಮೇಲೆ ಅಜ್ಜ ಕಡಲಿಗೆ ಹೋಗುವುದನ್ನು ನಿಲ್ಲಿಸಿದ. ಪುಸ್ತಕವನ್ನು ಮಗನ ಕೈಗಿಟ್ಟು, “ನೀನು ಮುಂದುವರಿಸು. ಹೊಸ ಪುಸ್ತಕ ಯಾಕೆ? ಇನ್ನೂ ಅರ್ಧ ಖಾಲಿ ಇದೆ,” ಎಂದ. ಕೊನೆಯ ಪುಟದಲ್ಲಿ ಅವನು ದಿಬ್ಬದ ನಡುವಿನ ಕಂಡಿಯ ಆಳವನ್ನೂ ಬರೆದಿಟ್ಟಿದ್ದ. ದಿಬ್ಬ ಎರಡಾಗಿ ಸೀಳಿದ ಜಾಗ ಅದು. ಸುತ್ತು ಹಾಕದೆ ಅದರೊಳಗೆ ನುಗ್ಗಿದರೆ ಒಂದು ಗಂಟೆ ಉಳಿಯುತ್ತದೆ. ಮಗ ನಾಲ್ಕು ವರ್ಷ ತಿಂಗಳು ತಪ್ಪದೆ ಕಂಬದ ಆಳ ಬರೆದ. ಕಂಡಿಯ ಆಳವನ್ನು ಮತ್ತೆ ನೋಡಿರಲಿಲ್ಲ. ಅಪ್ಪ ಬರೆದದ್ದಿತ್ತಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಗಾಳಿ ತಿರುಗಿತು. ಮಗ ಕಡಲಿನಿಂದ ಫೋನು ಮಾಡಿದ. ಬೋಟು ಹೊಸದು, ದೊಡ್ಡದು, ಮೀನು ತುಂಬಿತ್ತು. ಆಳ ತೋರಿಸುವ ಯಂತ್ರ ಕೆಟ್ಟು ಎರಡು ವಾರವಾಗಿತ್ತು.

“ಅಪ್ಪಾ, ಗುಂಡಿನ ಹಗ್ಗ ಶೆಡ್ಡಲ್ಲೇ ಉಳೀತು. ಇಳಿತದಲ್ಲಿ ಕಂಡಿ ಎಷ್ಟು, ಪುಸ್ತಕ ನೋಡಿ ಹೇಳಿ.”

ಅಜ್ಜ ಕನ್ನಡಕ ಹಾಕಿಕೊಂಡು ಓದಿದ. “ಒಂದೂವರೆ ಮಾರು ಕಣೋ.”

“ಸಾಕು ಬಿಡಿ. ಬಂದೆ.”

ಸೊಸೆ ಪಕ್ಕದಲ್ಲೇ ನಿಂತಿದ್ದಳು. “ಊಟಕ್ಕೆ ಬರ್ತಾರಂತಾ ಮಾವ?” ಎಂದು ಕೇಳಿದ್ದಳು.

ಬೋಟಿನ ತಳ ಕಂಡಿಯಲ್ಲಿ ಮರಳಿಗೆ ಬಡಿಯಿತು. ಹಿಂದಿನ ಅಲೆ ಅದನ್ನು ಮಗುಚಿ ಹಾಕಿತು. ನಾಲ್ವರಲ್ಲಿ ಮೂವರು ಈಜಿ ಬದುಕಿದರು. ರೇಡಿಯೋ ಅವರಲ್ಲೊಬ್ಬ. ಮಗನ ದೇಹ ಮೂರನೆಯ ದಿನ ಸಿಕ್ಕಿತು.

ದುಃಖದ ಆ ದಿನಗಳಲ್ಲಿ ಅಜ್ಜ ಪುಸ್ತಕದ ಹಾಳೆ ತಿರುಗಿಸುತ್ತ ಕೂತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತಾನು ಬರೆದ ಇಪ್ಪತ್ತೇಳು ವರ್ಷವೂ ಕಂಬದ ಹತ್ತಿರ ಆಳ ಮೂರು ಮಾರು, ಎಲ್ಲೋ ಬೆರಳಷ್ಟು ಹೆಚ್ಚುಕಡಿಮೆ. ಮಗ ಬರೆದ ನಾಲ್ಕು ವರ್ಷವೂ ಎರಡೂ ಮುಕ್ಕಾಲು. ನೀರು ಕಾಲು ಮಾರು ಕಡಿಮೆಯಾಗಿದೆಯೆಂದರೆ ಮರಳು ಅಷ್ಟು ಏರಿದೆ. ಕಂಬದ ಹತ್ತಿರ ಏರಿದ್ದು ಕಂಡಿಯಲ್ಲಿ ಏರದೆ ಇರುತ್ತದೆಯೇ? ಅಜ್ಜ ಓಡಿಹೋಗಿ ಸೊಸೆಗೆ ತೋರಿಸಿದ. ಅವಳು ಬಹಳ ಹೊತ್ತು ನೋಡಿ, “ಹಾಗಾದರೆ ಯಾರ ತಪ್ಪೂ ಅಲ್ಲ ಮಾವ. ದೇವರು ಮರಳನ್ನು ಏರಿಸಿದ,” ಎಂದಳು. ಆ ಒಂದು ಮಾತಿನ ಮೇಲೆ ಇಬ್ಬರೂ ಒಂದು ವರ್ಷ ಉಸಿರಾಡಿದ್ದರು.

ಸೊಸೆ ಐಸ್ ಕಾರ್ಖಾನೆಯ ಗೇಟಿನಲ್ಲಿ ಚೀಟಿ ಬರೆಯುವವಳು. ಗಂಡ ಹೋದ ಮೇಲೆ ಅವಳ ಅಣ್ಣ ಬಂದು ಕರೆದ, ಹೋಗಲಿಲ್ಲ. ಮಾವನನ್ನು ಬಿಟ್ಟು ಹೇಗೆ ಬರಲಿ ಎಂದಳು. ದಿಬ್ಬ ಉಳಿಸಬೇಕೆಂದು ಊರಲ್ಲಿ ಸಮಿತಿ ಕಟ್ಟಿದಾಗ ಬರೆಯಬಲ್ಲವಳೆಂದು ಅವಳನ್ನೇ ಕಾರ್ಯದರ್ಶಿ ಮಾಡಿದರು. ಆ ದಿಬ್ಬ ಸುಮ್ಮನೆ ಅಲೆಮಾರಿ ಮರಳು, ಇವತ್ತಿದ್ದಲ್ಲಿ ನಾಳೆ ಇರುವುದಿಲ್ಲ ಎಂದು ಕಂಪನಿ ಹೇಳುತ್ತಿತ್ತು. ಅದು ಮೂವತ್ತೊಂದು ವರ್ಷದಿಂದ ಅಲ್ಲಿಯೇ ಕೂತಿದೆಯೆಂದು ತೋರಿಸಲು ಅವಳು ಮಾವನ ಪುಸ್ತಕವನ್ನು ಸಭೆಗೆ ಕೊಟ್ಟಿದ್ದಳು. ಆ ಬುಧವಾರ ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯಲ್ಲಿ ಅಹವಾಲು ಕೇಳುವುದಿತ್ತು.

ಮಕ್ಕಳ ಬೆಂಚುಗಳಲ್ಲಿ ಊರಿನವರು ಮಂಡಿ ಮಡಚಿ ಕೂತಿದ್ದರು. ಮೇಜಿನ ಹಿಂದೆ ಸರ್ಕಾರದ ಅಧಿಕಾರಿ, ನಡುವಯಸ್ಸಿನ ಹೆಂಗಸು, ಯಾರ ಕಡೆಗೂ ನಗುತ್ತಿರಲಿಲ್ಲ. ಕಂಪನಿಯ ಇಂಜಿನಿಯರು ಎದ್ದ. ಚಿಕ್ಕ ವಯಸ್ಸಿನವನು, ಮಾತು ಮೃದು. ಅಜ್ಜನ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಅಜ್ಜ, ಇಂಥ ಪುಸ್ತಕ ನಾನು ಕಂಡೇ ಇಲ್ಲ. ನಿಮಗೆ ಕೈ ಮುಗೀಬೇಕು.” ಅಜ್ಜನಿಗೆ ನಾಚಿಕೆಯಾಯಿತು. ಇಂಜಿನಿಯರು ಮುಂದುವರಿಸಿದ: “ಮೇಡಂ, ಮಾರು ಅಂದರೆ ಸುಮಾರು ಆರು ಅಡಿ. ಇಪ್ಪತ್ತೇಳು ವರ್ಷ ಕಂಬದ ಹತ್ತಿರ ಮೂರು ಮಾರು, ಹದಿನೆಂಟು ಅಡಿ ನೀರು. ಕೊನೆಯ ನಾಲ್ಕು ವರ್ಷ ಎರಡೂ ಮುಕ್ಕಾಲು ಮಾರು, ಹದಿನಾರೂವರೆ ಅಡಿ. ಅಂದರೆ ದಿಬ್ಬ ಒಂದೂವರೆ ಅಡಿ ಬೆಳೆದಿದೆ. ಮರಳು ತಾನಾಗಿ ಬಂದು ಸೇರ್ತಾ ಇದೆ. ನಾವು ಕೇಳ್ತಿರೋದು ಆ ಬೆಳೆದ ಭಾಗ ಮಾತ್ರ. ಇದನ್ನು ನಾನು ಹೇಳ್ತಿಲ್ಲ, ಈ ಊರಿನ ಪುಸ್ತಕವೇ ಹೇಳ್ತಿದೆ.”

ಹಿಂದಿನ ಬೆಂಚಿನಿಂದ ಯಾರೋ, “ಸರಿಹೋಯ್ತು. ನಮ್ಮ ಅಜ್ಜ ಕಂಪನಿಗೆ ವಕೀಲಿ ಮಾಡಿಟ್ಟಿದ್ದಾನೆ, ಅದೂ ಬಿಟ್ಟಿ,” ಎಂದರು. ನಾಲ್ಕು ಜನ ನಕ್ಕರು. ಆ ನಗುವಿನಲ್ಲಿ ಕಲ್ಲಿತ್ತು.

ಅಧಿಕಾರಿ ಗಡಿಯಾರ ನೋಡಿ, “ಇದಕ್ಕೆ ಊರಿನವರ ಉತ್ತರ ಏನಾದರೂ ಇದ್ದರೆ ನಾಳೆ ಹತ್ತು ಗಂಟೆಗೆ ಹೇಳಬಹುದು. ಇಲ್ಲದಿದ್ದರೆ ನಾನು ನನ್ನ ವರದಿ ಬರೀತೀನಿ,” ಎಂದು ಎದ್ದಳು.

ಅಜ್ಜ ಮನೆಗೆ ಹೋಗಲಿಲ್ಲ, ಶೆಡ್ಡಿಗೆ ಹೋದ. ಸಂಜೆಯ ಬಿಸಿಲು ಹಂಚಿನ ಸಂದಿಯಿಂದ ಬಲೆಗಳ ಮೇಲೆ ಬಿದ್ದಿತ್ತು. ಒಂದು ವರ್ಷದಿಂದ ಮುಟ್ಟದ ಮಗನ ಹಗ್ಗ ಗೂಟದಲ್ಲಿ ಹಾಗೆಯೇ ತೂಗುತ್ತಿತ್ತು. ಅಜ್ಜನಿಗೆ ಒಂದು ಆಸೆ ಹುಟ್ಟಿತು. ಹಗ್ಗವೇನಾದರೂ ಎಳೆದು ಉದ್ದವಾಗಿದ್ದರೆ? ಹಗ್ಗ ಉದ್ದವಾದರೆ ಮಾರು ಕಡಿಮೆ ಬರುತ್ತದೆ. ಆಗ ಲೆಕ್ಕ ತಪ್ಪು, ಕಂಪನಿ ತಪ್ಪು, ಊರು ಬದುಕಿತು.

ಅವನು ಹಗ್ಗ ಇಳಿಸಿದ. ಒಂದು ಗಂಟನ್ನು ಎಡಗೈಯಲ್ಲಿ ಹಿಡಿದು ಎರಡೂ ಕೈ ಚಾಚಿದ. ಇನ್ನೊಂದು ಗಂಟು ಬಲಗೈಗೆ ಸಿಗಲಿಲ್ಲ. ಬೆರಳ ತುದಿಯಾಚೆ, ಗೇಣಿಗೆ ಎರಡು ಬೆರಳು ಕಡಿಮೆ ದೂರದಲ್ಲಿ, ತೂಗುತ್ತಿತ್ತು. ಮುಂದಿನದನ್ನು ನೋಡಿದ. ಅಷ್ಟೇ. ಅದರ ಮುಂದಿನದು. ಅಷ್ಟೇ. ಎಳೆದು ಉದ್ದವಾದ ಹಗ್ಗ ಒಂದು ಕಡೆ ಹೆಚ್ಚು ಎಳೆಯುತ್ತದೆ, ಒಂದು ಕಡೆ ಕಡಿಮೆ. ಇದು ಹಾಗಲ್ಲ. ಗಂಟಿನಿಂದ ಗಂಟಿಗೆ ಒಂದೇ ಸಮನಾದ ಅಂತರ, ಕಟ್ಟಿದವನ ಕೈ ನಡುಗಿರಲಿಲ್ಲ.

ಆಗ ಅವನಿಗೆ ತಿಳಿಯಿತು. ತನ್ನ ಹಳೆಯ ಹಗ್ಗ ಬಂಡೆಗೆ ಸಿಕ್ಕಿ ಹರಿದುಹೋಗಿತ್ತು, ಮಗ ಹೊಸದು ಕಟ್ಟಿಕೊಂಡಿದ್ದ. ಎಲ್ಲರೂ ಕಟ್ಟುವ ಹಾಗೆ ತನ್ನ ಕೈಯಳತೆಗೇ ಕಟ್ಟಿದ್ದ. ಮಗ ಈ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬಂದವನಲ್ಲ. ಕೈಯೂ ಹಾಗೆಯೇ ಉದ್ದ, ಮೇಲಿನ ಅಟ್ಟದ ಡಬ್ಬ ತೆಗೆಯಲು ಅವನಮ್ಮ ಅವನನ್ನೇ ಕರೆಯುತ್ತಿದ್ದಳು. ಅಪ್ಪನ ಮೂರು ಮಾರು ಮಗನಿಗೆ ಎರಡೂ ಮುಕ್ಕಾಲು. ದಿಬ್ಬ ಬೆಳೆದೇ ಇಲ್ಲ! ಒಂದೇ ಪುಸ್ತಕದಲ್ಲಿ ಎರಡು ಕೈ ಬರೆದಿದ್ದವು, ಅಷ್ಟೆ.

“ಮಗಳೇ!” ಎಂದು ಕೂಗಿಕೊಂಡು ಅಜ್ಜ ಬಾಗಿಲಿಗೆ ಓಡಿದ. ಮಂಡಿ ನೋವು ನೆನಪಿರಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ.

ಒಂದೂವರೆ ಮಾರು ಕಣೋ.

ಯಾರ ಮಾರು?

ತಾನು ಓದಿದ್ದು ತನ್ನ ಕೈಯ ಒಂದೂವರೆ ಮಾರು. ಮಗ ಕೇಳಿಸಿಕೊಂಡದ್ದು ಅವನ ಕೈಯ ಒಂದೂವರೆ ಮಾರು. ಸಾಕು ಬಿಡಿ ಎಂದ. ಅವನ ಕೈಯ ಒಂದೂವರೆ ಮಾರು ನೀರಿದ್ದರೆ ಬೋಟಿಗೆ ಸಾಕಾಗುತ್ತಿತ್ತು. ದೇವರು ಮರಳನ್ನು ಏರಿಸಲಿಲ್ಲ. ನೀರು ಎಷ್ಟಿತ್ತೋ ಅಷ್ಟೇ ಇತ್ತು. ಇಲ್ಲದ ನೀರನ್ನು ಇದೆಯೆಂದು ಹೇಳಿದವನು ಅಪ್ಪ.

ಅಜ್ಜ ಹಗ್ಗ ಹಿಡಿದುಕೊಂಡೇ ಒಳಗೆ ತಿರುಗಿದ. ಬಲೆಯ ಗುಡ್ಡೆಯ ಮೇಲೆ ಕೂತ. ಹೊರಗೆ ಭರತ ಏರುತ್ತಿತ್ತು. ಒಂದನೆಯ ಮೆಟ್ಟಿಲು. ಎರಡನೆಯದು. ಪ್ರತಿ ಅಲೆಯೂ ಕಲ್ಲನ್ನು ನೆಕ್ಕಿ ಹಿಂದೆ ಹೋಗುವ ಸದ್ದು ಅವನ ಕಿವಿಯಲ್ಲಿ ಬೆಳೆಯುತ್ತ ಹೋಯಿತು.

ಕೂಗು ಕೇಳಿ ಸೊಸೆ ಬಂದಳು. ಅಜ್ಜ ಹಗ್ಗವನ್ನು ಬಲೆಯ ಕೆಳಗೆ ತುರುಕಿದ.

“ಕರೆದ್ರಾ ಮಾವ?”

“ಇಲ್ಲಮ್ಮ... ಹೌದು. ನೀರು ಏರ್ತಿದೆ ಅಂತ.”

ಅವಳು ಅವನ ಎದುರು ಮೊಣಕಾಲೂರಿ ಕೂತಳು. ಕಣ್ಣು ಕೆಂಪಾಗಿತ್ತು, ದನಿ ಸಮಾಧಾನದಲ್ಲಿತ್ತು. “ಯಾಕೆ ಹೀಗೆ ಕೂತಿದ್ದೀರಿ? ನಾಳೆ ನೀವು ಬರಲೇಬೇಕು ಅಂತೇನಿಲ್ಲ. ಜನ ನಾಲ್ಕು ಮಾತು ಆಡ್ತಾರೆ, ಆಡಲಿ. ದಿಬ್ಬ ಬೆಳೆದಿದ್ದು ನಿಮ್ಮ ತಪ್ಪಾ? ಅವರು ಹೋಗಿದ್ದೂ ಯಾರ ಕೈಲೂ ಇರಲಿಲ್ಲ, ಇದೂ ಹಾಗೇ ಅಂದುಕೊಳ್ಳೋಣ.”

ಅಜ್ಜ ಕಾಲಿನಿಂದ ಹಗ್ಗವನ್ನು ಬಲೆಯ ಕೆಳಗೆ ಇನ್ನಷ್ಟು ತಳ್ಳಿದ.

“ಮನೆ ನೀರಿಗೆ ಹೋದರೆ ಅಣ್ಣನ ಹತ್ತಿರ ಹೋಗೋಣ, ಇಬ್ಬರೂ. ನಿಮ್ಮನ್ನು ಬಿಟ್ಟು ನನಗೆ ಯಾರಿದ್ದಾರೆ ಹೇಳಿ. ಏಳಿ, ಊಟ ಆರಿಹೋಗತ್ತೆ.”

ಅವಳ ಕೈ ಹಿಡಿದುಕೊಂಡು ಅವನು ಎದ್ದ. ಹಿಡಿದ ಆ ಕೈ ನಾಳೆ ಇರುತ್ತದೋ ಇಲ್ಲವೋ ಎಂಬುದು ಈಗ ತನ್ನ ಬಾಯಲ್ಲಿದೆ ಎಂದು ಅವನಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ದಿಬ್ಬ ಹೋಗುತ್ತದೆ, ಶೆಡ್ಡು, ಮನೆ, ಊರು ಹೋಗುತ್ತದೆ, ಸೊಸೆ ಉಳಿಯುತ್ತಾಳೆ. ಬಾಯಿ ತೆರೆದರೆ ದಿಬ್ಬ ಉಳಿಯಬಹುದು. ಗಂಡನನ್ನು ಕೊಂದವನ ಜೊತೆ ಯಾವ ಹೆಂಗಸು ಒಂದೇ ಸೂರಿನಡಿ ಇರುತ್ತಾಳೆ?

ಆ ರಾತ್ರಿ ಅವನು ಮಲಗಲಿಲ್ಲ, ದೇವರನ್ನು ಕೇಳಿಕೊಂಡ. ಮೊದಲು ಕ್ಷಮಿಸು ಎಂದು ಕೇಳಿದ. ಆಮೇಲೆ, ಹೇಳದೆ ಇರಲು ಏನಾದರೂ ದಾರಿ ತೋರಿಸು ಎಂದು ಕೇಳಿದ. ಹಾಗೆ ಕೇಳುತ್ತಿದ್ದೇನಲ್ಲ ಎಂದು ಹೆದರಿ ಮತ್ತೆ ಮೊದಲಿನಿಂದ ಶುರುಮಾಡಿದ. ದೇವರು ಕೇಳುತ್ತಿದ್ದನೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಹೆಚ್ಚು ಹೆದರಿಸಿದ್ದು ಅದೇ.

ಬೆಳಿಗ್ಗೆ ಐದನೆಯ ಮೆಟ್ಟಿಲು ಒದ್ದೆಯಾಗಿತ್ತು. ಶೆಡ್ಡಿನ ಹೊಸ್ತಿಲ ಮೇಲೆ ಒಂದು ಗೆರೆ ಮರಳು ಬಂದು ಕೂತಿತ್ತು, ನಯವಾದ ಬಿಳಿ ಮರಳು, ದಡದ್ದಲ್ಲ. ಇಪ್ಪತ್ತೇಳು ವರ್ಷ ಸೀಸದ ಗುಂಡಿನ ತಳಕ್ಕೆ ಸೋಪು ಮೆತ್ತಿ, ಅದಕ್ಕೆ ಅಂಟಿ ಬಂದ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿದವನಿಗೆ ಅದು ಎಲ್ಲಿಯದೆಂದು ಯಾರೂ ಹೇಳಬೇಕಾಗಿರಲಿಲ್ಲ. ದಿಬ್ಬ ಮನೆಬಾಗಿಲಿಗೆ ಬಂದಿತ್ತು. ಅಜ್ಜ ಹಗ್ಗವನ್ನು ಬಲೆಯ ಕೆಳಗಿನಿಂದ ಎಳೆದು, ಸುರುಳಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡ.

ಶಾಲೆಯಲ್ಲಿ ಅಧಿಕಾರಿ, “ಯಾರಿಗಾದರೂ ಹೇಳೋದಿದೆಯಾ?” ಎಂದಾಗ ಅವನು ಎದ್ದ. ಸೊಸೆ ತಿರುಗಿ ನೋಡಿದಳು. ಅವನು ಬಂದದ್ದೇ ಅವಳಿಗೆ ತಿಳಿದಿರಲಿಲ್ಲ.

“ಮೇಡಂ, ಒಂದು ಟೇಪು ತರಿಸಿ,” ಎಂದ ಅಜ್ಜ. ದನಿ ಅವನದೇ ಎನ್ನಿಸಲಿಲ್ಲ.

“ಬಟ್ಟೆ ಹೊಲಿಸ್ತೀಯಾ ಅಜ್ಜ?” ಎಂದು ಹಿಂದಿನಿಂದ ಮತ್ತೆ ಅದೇ ಬಾಯಿ ಕೇಳಿತು. ರೇಡಿಯೋ ಆ ಕಡೆ ತಿರುಗಿ, “ಸುಮ್ನಿರ್ತೀಯಾ, ಇಲ್ಲ ನಾನೇ ಬಂದು ಗುಂಡಿ ಹಾಕ್ಲಾ ನಿನ್ನ ಬಾಯಿಗೆ?” ಎಂದ.

ಟೇಪು ಬಂತು. ಅಜ್ಜ ಗೋಡೆಗೆ ಬೆನ್ನು ಹಚ್ಚಿ ಎರಡೂ ಕೈ ಚಾಚಿ ನಿಂತ. ಇಂಜಿನಿಯರೇ ಬಂದು ಅಳೆದ. ಐದು ಅಡಿ ಮೂರು ಇಂಚು. “ಇದು ನನ್ನ ಮಾರು,” ಎಂದ ಅಜ್ಜ. ಆಮೇಲೆ ಅಂಗಿಯೊಳಗಿಂದ ಹಗ್ಗ ತೆಗೆದು ಎರಡು ಗಂಟು ಹಿಡಿದುಕೊಟ್ಟ. ಐದು ಅಡಿ ಹತ್ತು ಇಂಚು. “ಇದು ನನ್ನ ಮಗನದು.”

ಇಂಜಿನಿಯರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದ, ಅಳಿಸಿದ, ಮತ್ತೆ ಬರೆದ. ಹುಡುಗ ಒಳ್ಳೆಯವನೇ ಇರಬೇಕು. ಅವನ ಮುಖ ಇಳಿದುಹೋಯಿತು, ಆದರೂ ಸುಳ್ಳು ಹೇಳಲಿಲ್ಲ.

“ಅಜ್ಜನ ಮೂರು ಮಾರು ಹದಿನೈದು ಅಡಿ ಒಂಬತ್ತು ಇಂಚು, ಮೇಡಂ. ಮಗನ ಎರಡೂ ಮುಕ್ಕಾಲು... ಹದಿನಾರು ಅಡಿಗೆ ಅರ್ಧ ಇಂಚು ಹೆಚ್ಚು.” ಪೆನ್ನು ಜೇಬಿಗಿಟ್ಟ. “ದಿಬ್ಬ ಬೆಳೆದಿಲ್ಲ. ಮೂರೂವರೆ ಇಂಚು ಸವೆದಿದೆ.”

ಕೋಣೆಯಲ್ಲಿ ಒಮ್ಮೆಗೇ ಗದ್ದಲವಾಯಿತು. ಬೆಂಚುಗಳು ಹಿಂದೆ ಸರಿದವು. ಯಾರೋ ಚಪ್ಪಾಳೆ ತಟ್ಟಿದರು. ಅಧಿಕಾರಿ ಮೇಜು ಕುಟ್ಟಿ ಸುಮ್ಮನಿರಿಸಿ, “ಇಷ್ಟು ದೊಡ್ಡ ವಿಷಯ ನಿಮಗೆ ಮೊದಲೇ ಗೊತ್ತಿರಲಿಲ್ವಾ?” ಎಂದು ಕೇಳಿದಳು. ಬೈಯುವುದಕ್ಕಲ್ಲ, ಬರೆದುಕೊಳ್ಳುವುದಕ್ಕೆ ಕೇಳಿದ್ದು.

ಗೊತ್ತಿರಲಿಲ್ಲ ಎಂದಷ್ಟೇ ಹೇಳಿ ಕೂತುಬಿಡಬಹುದಿತ್ತು. ಸೊಸೆ ಮೂರನೆಯ ಬೆಂಚಿನಲ್ಲಿದ್ದಳು, ಅವನನ್ನೇ ನೋಡಿ ಅಭಿಮಾನದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ಅವನು ಕಂಡ. ಅವಳಿಗೆ ಲೆಕ್ಕ ಇನ್ನೂ ಹೊಳೆದಿರಲಿಲ್ಲ. ಇವತ್ತಲ್ಲದಿದ್ದರೆ ನಾಳೆ, ಚೀಟಿ ಬರೆಯುತ್ತ ಕೂತಾಗ, ಒಬ್ಬಳೇ ಇದ್ದಾಗ ಹೊಳೆಯುತ್ತದೆ.

“ಗೊತ್ತಿದ್ದಿದ್ರೆ ನನ್ನ ಮಗ ಇರ್ತಿದ್ದ ತಾಯಿ,” ಎಂದ. “ಕಂಡಿ ಎಷ್ಟು ಅಂತ ಕೇಳಿದ. ನನ್ನ ಕೈಯ ಒಂದೂವರೆ ಹೇಳ್ದೆ. ಅವನು ತನ್ನ ಕೈಯದು ಅಂದುಕೊಂಡು ಬಂದ.”

ಆ ಬೋಟಿನಲ್ಲಿದ್ದ ರೇಡಿಯೋ ಎದ್ದು ನಿಂತ, ಬಾಯಿ ತೆರೆದ, ಮುಚ್ಚಿ ಕೂತ. ಅವನು ಹಾಗೆ ಬಾಯಿ ಮುಚ್ಚಿದ್ದನ್ನು ಊರು ಅವತ್ತೇ ಮೊದಲು ಕಂಡಿತು. ಇಂಜಿನಿಯರು ಅಂಗೈ ನೋಡಿಕೊಂಡ. ಅಲ್ಲಿ ಲೆಕ್ಕಕ್ಕೆ ಇನ್ನೂ ಜಾಗವಿತ್ತು. ಒಂದೂವರೆ ಮಾರಿಗೆ ಹತ್ತೂವರೆ ಇಂಚು ನೀರಿನ ವ್ಯತ್ಯಾಸ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಸೊಸೆ ಎದ್ದಳು. ಬೆಂಚುಗಳ ನಡುವೆ ನಡೆದು, ಮಾವನ ಪಕ್ಕದಿಂದಲೇ ಹಾದು, ಹೊರಗೆ ಹೋದಳು. ಅವಳ ಸೀರೆಯ ಅಂಚು ಅವನ ಕೈಗೆ ತಾಗಿತು. ಅವಳು ತಿರುಗಿ ನೋಡಲಿಲ್ಲ.

ಹೊಸದಾಗಿ ಅಳತೆಯಾಗುವವರೆಗೆ ಹಡಗು ದಿಬ್ಬದ ಹತ್ತಿರ ಬರಬಾರದೆಂದು ಅಧಿಕಾರಿ ಬರೆದಳು. ಊರಿನವರೂ ತಿಂಗಳು ತಿಂಗಳು ಆಳ ನೋಡಿ, ಅಡಿ ಇಂಚುಗಳಲ್ಲಿ ಬರೆದು ಕಳಿಸಬೇಕೆಂದಳು. ಜನ ಅಜ್ಜನ ಭುಜ ಮುಟ್ಟಿ ಹೋದರು.

ಮನೆಗೆ ಬಂದಾಗ ಸೊಸೆಯ ಪೆಟ್ಟಿಗೆ ಕೋಣೆಯ ನಡುವೆ ಇತ್ತು. ಮುಚ್ಚಳ ತೆರೆದಿತ್ತು, ಒಳಗೆ ಎರಡು ಸೀರೆ. ಅವಳು ಇರಲಿಲ್ಲ. ಕಾರ್ಖಾನೆಗೆ ಹೋಗಿದ್ದಳು. ಸಂಜೆ ಬಂದಳು, ಅಡಿಗೆ ಮಾಡಿದಳು, ಅವನ ತಟ್ಟೆ ಇಟ್ಟಳು, ಮಾತಾಡಲಿಲ್ಲ. ಮರುದಿನವೂ ಹಾಗೆಯೇ. ಪೆಟ್ಟಿಗೆ ಇದ್ದಲ್ಲಿಯೇ ಇತ್ತು. ಅಜ್ಜ ದಿನಾ ಬೆಳಿಗ್ಗೆ ಎದ್ದವನು ಮೊದಲು ಮೆಟ್ಟಿಲು ನೋಡುತ್ತಿದ್ದ, ಆಮೇಲೆ ಪೆಟ್ಟಿಗೆ. ನೀರು ಐದರಿಂದ ಇಳಿದಿತ್ತು, ಆದರೂ ಮೂರನೆಯ ಮೆಟ್ಟಿಲಿಗೆ ಬರುತ್ತಿತ್ತು. ಪೆಟ್ಟಿಗೆಯಲ್ಲಿ ಒಂದು ದಿನ ಮೂರು ಸೀರೆ, ಒಂದು ದಿನ ಎರಡು. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಹತ್ತನೆಯ ದಿನ ಅವನು ಶೆಡ್ಡಿ‌ನಲ್ಲಿ ಕೂತಿದ್ದಾಗ ಅವಳು ಬಂದಳು. ಒಂದು ಕೈಯಲ್ಲಿ ಹೊಸ ಹಗ್ಗದ ಸುರುಳಿ, ಇನ್ನೊಂದರಲ್ಲಿ ಉಕ್ಕಿನ ಟೇಪು. ಅವನ ಕಡೆ ನೋಡದೆ ಸುರುಳಿ ಬಿಚ್ಚಿ ನೆಲದ ಮೇಲೆ ಚಾಚಿದಳು.

“ನಾಡಿದ್ದು ದೊಡ್ಡ ಇಳಿತ. ರೇಡಿಯೋ ಬೋಟು ತರ್ತಾನೆ. ಗುಂಡು ನಾನು ಬಿಡ್ತೀನಿ.”

ಅಜ್ಜ ಅರ್ಧ ಎದ್ದ. “ನೀನಾ? ಆ ದಿಬ್ಬಕ್ಕಾ? ಬೇಡಮ್ಮ.”

“ಅಡಿಗೊಂದು ಗಂಟು. ಇನ್ನು ಯಾರ ಕೈಯಳತೆಯೂ ಬೇಡ.” ಅವಳು ಹಗ್ಗದ ಒಂದು ತುದಿಯನ್ನು ಅವನ ಮುಂದೆ ಹಾಕಿದಳು. “ಹಿಡೀರಿ.”

ಅವನು ಹಿಡಿದ. ಅವಳು ಟೇಪು ಎಳೆದು ಮೊದಲ ಗಂಟು ಹಾಕಿದಳು. ಎರಡನೆಯದು. ಮೂರನೆಯ ಗಂಟಿಗೆ ಅವಳ ಬೆರಳು ನಿಂತವು.

“ಅವರು ಆ ಹಗ್ಗ ಕಟ್ಟಿದ ದಿನ ಈ ತುದಿ ಹಿಡಿದಿದ್ದು ನಾನು,” ಎಂದಳು, ಗಂಟಿಗೆ ಹೇಳಿದಂತೆ. “ಎಷ್ಟುದ್ದ ನಿಮ್ಮ ಕೈ ಅಂತ ನಕ್ಕಿದ್ದೆ.”

ಅಜ್ಜ ಏನೋ ಹೇಳಹೊರಟ.

“ಬೇಡ ಮಾವ. ಈಗ ಏನೂ ಹೇಳಬೇಡಿ. ಗಟ್ಟಿಯಾಗಿ ಹಿಡೀರಿ, ಸಡಿಲ ಬಿಡಬೇಡಿ.”

ಮಾವ ಎಂದಳು. ಹತ್ತು ದಿನದಲ್ಲಿ ಮೊದಲ ಸಲ. ಅಜ್ಜ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕೂತ. ಹೊರಗೆ ಭರತ ಏರುವ ಹೊತ್ತು. ನೀರು ಎರಡನೆಯ ಮೆಟ್ಟಿಲು ಮುಟ್ಟಿದ ಸದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ತಲೆ ಎತ್ತದೆ ಮೂರನೆಯ ಮೆಟ್ಟಿಲಿನ ಸದ್ದಿಗೆ ಕಾಯುತ್ತ ನಾಲ್ಕನೆಯ ಗಂಟು ಬಿಗಿದರು.